ತೊಲೆಯ ಕೆಳಗಿನ ಅರವಟ್ಟಿಗೆ

ಮಲಪ್ರಭೆಯ ದಂಡೆಯಿಂದ ಕೆಂಗಲಹಾಳಕ್ಕೆ ಬರುವ ಬಂಡಿದಾರಿಯಲ್ಲಿ, ಊರು ಇನ್ನೂ ಎರಡು ಕೂಗಳತೆ ಇರುವಾಗ ಒಂದು ಬೇವಿನ ಮರವಿತ್ತು. ಮರದ ಬುಡದಲ್ಲಿ ನಾಲ್ಕು ಗಳ ನೆಟ್ಟು ಜೋಳದ ದಂಟು ಹೊದಿಸಿದ ಚಪ್ಪರ. ಚಪ್ಪರದೊಳಗೆ ಮರಳಿನ ಮೇಲೆ ಕೂರಿಸಿದ ಮೂರು ಮಣ್ಣಿನ ಕೊಡ, ತೆಂಗಿನ ಕರಟದ ಒಂದು ಸವಟು, ಒಂದು ಕಂಬಳಿ. ಪೂಜ್ಯ ಅರವಟ್ಟಿಗೆ ಅಜ್ಜನವರ ಮಠ, ಪೀಠ, ಭಂಡಾರ ಎಲ್ಲವೂ ಅಷ್ಟೇ. ಅವರು ಯಾವ ಊರಿನವರು, ಪೂರ್ವಾಶ್ರಮದ ಹೆಸರೇನು, ದೀಕ್ಷೆ ಕೊಟ್ಟವರು ಯಾರು ಎಂಬುದು ಯಾರಿಗೂ ತಿಳಿಯದು. ಬೆಳಗಿನ ಜಾವ ಹೊಳೆಗಿಳಿದು ನೀರು ಹೊತ್ತು ತರುವರು, ಹೊತ್ತು ಮುಳುಗುವ ತನಕ ದಾರಿಹೋಕರಿಗೆ ಎರೆಯುವರು. ಕುಡಿದವರ ಜಾತಿ ಕೇಳಿದವರಲ್ಲ, ಕುಡಿಯದೆ ಹೋದವರ ಮೇಲೆ ಮುನಿದವರೂ ಅಲ್ಲ. ಮಾತು ಬಲು ಕಡಿಮೆ. ಒಂದು ದಿನದಲ್ಲಿ ಅವರು ಆಡುತ್ತಿದ್ದ ಮಾತನ್ನೆಲ್ಲ ಒಟ್ಟು ಮಾಡಿದರೂ ಅವರದೇ ಸವಟು ತುಂಬುತ್ತಿರಲಿಲ್ಲ ಎನ್ನುತ್ತಾರೆ.

ಆ ಪುಣ್ಯಪುರುಷರ ಜೀವನದ ಒಂದು ಪ್ರಸಂಗವನ್ನು ಬರೆಯುವ ಅಧಿಕಾರ ನನಗಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಏಕೆಂದರೆ ಆ ಪ್ರಸಂಗದಲ್ಲಿ ತಲೆ ತಗ್ಗಿಸಿ ನಿಂತವರು ನನ್ನ ಸ್ವಂತ ಮುತ್ತಜ್ಜ, ಮೋನಪ್ಪಾಚಾರ್ಯರು.

ಮುತ್ತಜ್ಜನವರ ಕಸುಬಿನ ಬಗ್ಗೆ ನಾನು ಬಾಯಿ ತೆರೆದರೆ ನನ್ನ ಅಕ್ಕನ ಮಕ್ಕಳು ಮೆಲ್ಲಗೆ ಎದ್ದು ಹೋಗುತ್ತಾರೆ. ನೀವು ಭಕ್ತರು, ತಾಳ್ಮೆ ಉಳ್ಳವರು, ಕೇಳಿ. ಕಂಪನಿ ಸರಕಾರ ಹೋಗಿ ರಾಣಿ ಸರಕಾರ ಬಂದ ಕಾಲವದು. ಏಳು ತಾಲೂಕಿನಲ್ಲಿ ಗುಡಿ, ವಾಡೆ, ಕಮಾನು, ಛತ್ರ ಏನು ಕಟ್ಟಿದರೂ ಮೋನಪ್ಪಾಚಾರ್ಯರ ಉಳಿ-ಚಾಣ ತಾಗದೆ ಮುಗಿಯುತ್ತಿರಲಿಲ್ಲ. ದೇಸಾಯರ ವಾಡೆಯ ಬಾಗಿಲಿಗೆ ಅವರು ನಿಲ್ಲಿಸಿದ ಕಲ್ಲಾನೆಗೆ ದೇಸಾಯರ ಸ್ವಂತ ಆನೆ ಮೂರು ಸಲ ಸೊಂಡಿಲೆತ್ತಿ ನಮಸ್ಕಾರ ಮಾಡಿ, ತಿರುಗಿ ನಮಸ್ಕಾರ ಬಾರದ್ದಕ್ಕೆ ಎರಡು ದಿನ ಮೇವು ಬಿಟ್ಟಿತ್ತು. ಒಂದು ಬಸದಿಯ ಮಾಡಿನಂಚಿಗೆ ಅವರು ಕಂಡರಿಸಿದ ಗಿಳಿಸಾಲಿಗೆ ಎರಗಿ ಒಂದು ಗಿಡುಗ ಕೊಕ್ಕು ಮುರಿದುಕೊಂಡಿತ್ತು. ಸಾಹೇಬರ ಕಚೇರಿಯ ಕಮಾನಿನಲ್ಲಿ ಇಟ್ಟ ಸಿಂಹದ ಮೋರೆಗೆ ಹೆದರಿ ಸಾಹೇಬರ ನಾಯಿ ಹಿಂಬಾಗಿಲಿನಿಂದ ಓಡಾಡುತ್ತಿತ್ತು.

"ಮಾವಾ, ಇದರಾಗ ಸೇರಿಗೆ ಎಷ್ಟು ಛಟಾಕು ಖರೆ?" ಎಂದು ಅಕ್ಕನ ಮಗಳು ಒಮ್ಮೆ ಕೇಳಿದ್ದಳು.

"ಆನಿ ಖರೆ, ಗಿಡುಗ ಖರೆ. ನಾಯಿ ಬಗ್ಗೆ ನನಗೂ ಸ್ವಲ್ಪ ಅನುಮಾನ ಐತಿ" ಎಂದಿದ್ದೆ.

ಆದರೆ ಇಲ್ಲಿಂದ ಮುಂದೆ ಹೇಳುವುದಕ್ಕೆ ನಾನು ಒಗ್ಗರಣೆ ಹಾಕಿಲ್ಲ. ನಮ್ಮ ಅಜ್ಜಿ ಇದನ್ನು ಹೇಳುವಾಗ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಹೇಳುತ್ತಿದ್ದಳು. ಅದಕ್ಕೆ ಒಂದು ಹರಳು ಉಪ್ಪು ಸೇರಿಸುವ ಧೈರ್ಯವೂ ನನಗಿಲ್ಲ.

ನಮ್ಮ ಸೀಮೆಯ ಕಲ್ಲು ಕೆಂಪುಗಲ್ಲು, ಪದರುಗಲ್ಲು. ಮೇಲೆ ನೋಡಿದರೆ ಒಂದೇ ಗಟ್ಟಿ. ಒಳಗೆ ಮಾತ್ರ ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ಪದರ ಮಲಗಿರುತ್ತದೆ. ನೆಲದಲ್ಲಿ ಅದು ಹೇಗೆ ಮಲಗಿತ್ತೋ ಕಟ್ಟಡದಲ್ಲೂ ಹಾಗೆಯೇ ಮಲಗಿಸಬೇಕು. ಆಕಾಶ ನೋಡುತ್ತಿದ್ದ ಮಗ್ಗಲು ಆಕಾಶವನ್ನೇ ನೋಡಬೇಕು. ಮಗ್ಗಲು ತಪ್ಪಿಸಿ ಏರಿಸಿದರೆ ಪದರುಗಳು ಮಲಗುವ ಬದಲು ಎದ್ದು ನಿಲ್ಲುತ್ತವೆ. ನಿಂತ ಪದರಿನ ಸಂದಿಯಲ್ಲಿ ಮಳೆನೀರು ಇಳಿಯುತ್ತದೆ. ಒಂದು ಮಳೆಗಾಲವೋ ನಾಲ್ಕು ಮಳೆಗಾಲವೋ, ಯಾವಾಗ ಎಂದು ಹೇಳಲು ಬಾರದು. ಒಂದು ದಿನ ಕಲ್ಲು ಹೋಳಾಗಿ ಕಳಚಿ, ಕೆಳಗೆ ಇದ್ದವರ ಮೇಲೆ ಬೀಳುತ್ತದೆ.

ಅದಕ್ಕಾಗಿ ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡು ಇದೆ. ಕಣಿಯಿಂದ, ಎಂದರೆ ಕಲ್ಲಿನ ಗಣಿಯಿಂದ, ಕಲ್ಲು ಎಬ್ಬಿಸುವ ಮೊದಲು ಮುಖ್ಯ ಶಿಲ್ಪಿ ಉಪವಾಸವಿದ್ದು, ತಾನೇ ಹೋಗಿ, ಅದರ ಆಕಾಶದ ಮಗ್ಗಲಿಗೆ ಕಾವಿಯಿಂದ ಗುರುತು ಹಾಕಬೇಕು. ಆ ಗುರುತು ಹಾಕುವ ಹಕ್ಕು ಅವನದು. ಬೇರೆ ಯಾರೂ ಹಾಕುವಂತಿಲ್ಲ.

ಕೆಂಗಲಹಾಳದ ಸೋಮೇಶ್ವರನ ಗುಡಿಗೆ ಹೊಸ ಮುಖಮಂಟಪ ಕಟ್ಟಬೇಕೆಂದು ಊರಿನ ಹನುಮಗೌಡರು ಸಂಕಲ್ಪ ಮಾಡಿದರು. ಬಾಗಿಲ ಮೇಲೆ ಒಂಬತ್ತು ಮೊಳದ ಒಂದೇ ಕಲ್ಲಿನ ತೊಲೆ. ತೊಲೆಯ ನಡುವೆ ಗಜಲಕ್ಷ್ಮಿ, ಎರಡೂ ಕಡೆ ಹಂಸಗಳ ಸಾಲು. ಕಲ್ಲು ಎಬ್ಬಿಸುವ ದಿನ ಗೊತ್ತಾಯಿತು. ಆದರೆ ಹಿಂದಿನ ದಿನವೇ ದೇಸಾಯರ ವಾಡೆಯಿಂದ ಕರೆ ಬಂತು: ಆಚಾರ್ಯರಿಗೆ ಶಾಲು ಹೊದಿಸಿ ಬಂಗಾರದ ಕಡಗ ತೊಡಿಸುತ್ತಾರಂತೆ.

ಮುತ್ತಜ್ಜ ಹೋದರು. ಒಂದು ದಿನಕ್ಕೆಂದು ಹೋದವರು ಮೂರು ದಿನ ಉಳಿದರು. ಶಾಲು ಹೊದಿಸುವುದಕ್ಕೆ ಒಂದು ಗಳಿಗೆ ಸಾಕು. ಹೊಗಳುವುದಕ್ಕೆ ಮೂರು ದಿನವೂ ಸಾಲಲಿಲ್ಲ. (ಈ ಗುಣ ನಮ್ಮ ಮನೆತನದಲ್ಲಿ ಕಡಿಮೆಯಾಗದೆ ಇಳಿದು ಬಂದಿದೆ. ನನ್ನನ್ನು ಒಮ್ಮೆ ಹೊಗಳಿ ನೋಡಿ, ಊಟದ ಹೊತ್ತು ಮೀರಿದರೂ ಏಳುವುದಿಲ್ಲ.)

ತಿರುಗಿ ಬರುವಾಗ ಬೇವಿನ ಮರದ ಹತ್ತಿರ ಅಜ್ಜನವರು ಸವಟು ಎತ್ತಿ ಹಿಡಿದರು.

"ಬಿಸಲಾಗ ಬಂದೀಯಪಾ. ಒಂದೀಟು ಕುಡಿದು ಹೋಗು."

ಮುತ್ತಜ್ಜ ನಿಲ್ಲಲಿಲ್ಲ. ನಡೆಯುತ್ತಲೇ ಒಂದು ಮಾತು ಒಗೆದರು. "ಅಜ್ಜಾರ, ನಾ ಮಾಡಿದ್ದು ಸಾವಿರ ವರ್ಷ ನಿಲ್ಲತೈತಿ. ನೀವು ಮಾಡಿದ್ದು ಹೊತ್ತು ಮುಳುಗೂದರಾಗ ಬೆವರಾಗಿ ಹೋಗತೈತಿ."

"ಹೌದಪಾ" ಎಂದು ಅಜ್ಜನವರು ನಕ್ಕರು. "ಅದಕ್ಕ ನಾಳಿ ಮತ್ತ ತರಬೇಕು."

ಕಣಿಗೆ ಬಂದು ನೋಡಿದರೆ, ಗೊತ್ತಾದ ದಿನ ತಪ್ಪಿಸಬಾರದೆಂದು ಗೌಡರು ಅವಸರ ಮಾಡಿದ್ದರಿಂದ ಕಲ್ಲು ಎದ್ದುಬಿಟ್ಟಿತ್ತು. ನಾಲ್ಕೂ ಮಗ್ಗಲು ಒರಟಾಗಿ ಕಡಿದು, ಹಾರೆ ಹಾಕಿ ಮಗುಚಿ, ಮರದ ಉರುಳಿಗಳ ಮೇಲೆ ತಂದು ಇಟ್ಟಿದ್ದರು. ಎಲ್ಲೂ ಕಾವಿಯ ಗುರುತಿಲ್ಲ. ಹಾಕುವವರು ವಾಡೆಯಲ್ಲಿ ಕೂತಿದ್ದರಲ್ಲ. ಕಲ್ಲು ಒಂದೇ ಬಣ್ಣ, ಒಂದೇ ಮೈ. ಪದರು ಯಾವ ಕಡೆ ಎಂದು ಕಣ್ಣಿಗೆ ಕಾಣುವಂತಿರಲಿಲ್ಲ.

ಏಳೆಂಟು ಮಂದಿ ಕಲ್ಲುಕುಟಿಗರು ಸುತ್ತ ನಿಂತಿದ್ದರು. ಅವರ ಹಿರಿಯ ಯಲ್ಲಪ್ಪ ಹಾರೆಗೆ ಒರಗಿಕೊಂಡು ಆಚಾರ್ಯರ ಮುಖವನ್ನೇ ನೋಡುತ್ತಿದ್ದ. ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು: ಯಾವ ಮಗ್ಗಲು ಮೇಲಿತ್ತು ಎಂದು. ಆದರೆ ಹೆಗಲ ಮೇಲೆ ಹೊಸ ಶಾಲು, ಕೈಯಲ್ಲಿ ಹೊಸ ಕಡಗ, ಕಿವಿಯಲ್ಲಿ ಮೂರು ದಿನದ ಹೊಗಳಿಕೆ. ಮುತ್ತಜ್ಜ ಬಗ್ಗಿ ಕಲ್ಲಿಗೆ ಕಿವಿಯಿಟ್ಟರು, ಎರಡು ಸಲ ಸುತ್ತಿಗೆಯಿಂದ ತಟ್ಟಿದರು, ಎದ್ದು ನಿಂತರು.

"ಕಲ್ಲು ನನ್ನ ಕೂಡ ಮಾತಾಡತೈತಿ. ಇದು ಆಕಾಶದ ಮಗ್ಗಲು" ಎಂದು ಒಂದು ಕಡೆ ಕಾವಿ ಬಳಿದರು.

ಕಲ್ಲು ಏನೂ ಹೇಳಿರಲಿಲ್ಲ.

ಎಂಟು ತಿಂಗಳು ಕೆತ್ತಿದರು. ಗಜಲಕ್ಷ್ಮಿಯ ಬೆರಳಿನ ಉಗುರು ಎಣಿಸುವಂತೆ ಕೆತ್ತಿದರು. ಮಣ್ಣಿನ ಏರಿ ಹಾಕಿ, ನೂರು ಮಂದಿ ಹಗ್ಗ ಹಿಡಿದು ವೈಶಾಖದಲ್ಲಿ ತೊಲೆ ಏರಿಸಿದರು. ಊರಿಗೆ ಊರೇ ಬಾಯಿ ತೆರೆದು ನಿಂತಿತು. ಶ್ರಾವಣದ ಮೊದಲ ಸೋಮವಾರ ಕಳಸಾರೋಹಣ. ನೂರೊಂದು ಕುಂಭ ಹೊತ್ತ ಮುತ್ತೈದೆಯರು ಆ ತೊಲೆಯ ಕೆಳಗಿಂದಲೇ ಒಳಗೆ ಬರಬೇಕು.

ಆಷಾಢದಲ್ಲಿ ಮೊದಲ ದೊಡ್ಡ ಮಳೆ ಬಿತ್ತು. ಮರುದಿನ ಬಿಸಿಲು ಏರಿತು. ಕಂಬ ಆರಿದವು, ಗೋಡೆ ಆರಿತು, ತೊಲೆ ಆರಿತು. ಮುತ್ತಜ್ಜ ಬಾಗಿಲಲ್ಲಿ ನಿಂತು, ಹಂಸದ ಕೊಕ್ಕು ನೋಡಲೆಂದು ಕತ್ತೆತ್ತಿದರು. ತೊಲೆಯ ಹೊಟ್ಟೆಯಲ್ಲಿ, ಈ ತುದಿಯಿಂದ ಆ ತುದಿಯ ತನಕ, ದಾರದೆಳೆಯಷ್ಟು ಒಂದು ಕಪ್ಪು ಗೆರೆ ಆರದೆ ಉಳಿದಿತ್ತು.

ಕಲ್ಲು ಈಗ ಮಾತಾಡಿತ್ತು. ಪದರು ನಿಂತಿದೆ ಎಂದು ಅದು ಹೇಳಿತ್ತು.

ಅಂದಿನಿಂದ ಅವರಿಗೆ ಅನ್ನ ಸೇರಲಿಲ್ಲ. ಬೆಳಗಾದರೆ ಗುಡಿಗೆ ಓಡುವರು; ತೊಲೆಯ ಮುಂದೆ ನಿಂತು ಮೇಲೆ ನೋಡುವರು. ಗೆರೆ ನಿನ್ನೆಗಿಂತ ದಪ್ಪವಾಯಿತೇ? ಆ ತುದಿಯಲ್ಲಿ ಹೊಸದೊಂದು ಕವಲು ಒಡೆಯಿತೇ? ಸುಣ್ಣ ಅರೆಯುವವರು ನೆರಳೆಂದು ಬಾಗಿಲಲ್ಲಿ ಕೂತರೆ ಬೈದು ಎಬ್ಬಿಸುವರು. ಹೂವು ತಂದ ಮುದುಕಿ ಹೊಸ್ತಿಲಲ್ಲಿ ಉಸಿರು ತೆಗೆದುಕೊಳ್ಳಲು ನಿಂತರೆ ಬುಟ್ಟಿ ತಾವೇ ಹೊತ್ತು ಅವಳನ್ನು ದಾಟಿಸುವರು. ಎಲ್ಲಾದರೂ ಗಾರೆ ಉದುರಿದ ಸದ್ದಾದರೆ ಅತ್ತ ಓಡುವರು. ಊರಿನವರಿಗೆ ಇದರ ಒಳಗುಟ್ಟು ಏನು ಗೊತ್ತು?

"ನೋಡ್ರಿ, ಆಚಾರ್ರಿಗೆ ತಮ್ಮ ಕೆಲಸದ ಮ್ಯಾಲೆ ಎಷ್ಟು ಮೋಹ" ಎಂದು ಹನುಮಗೌಡರು ನಗುತ್ತಿದ್ದರು. "ಮದುವಿ ಆದ ಹೊಸದಾಗ ಕಾಳವ್ವನ್ನೂ ಹಿಂಗ ನೋಡಿರಲಿಕ್ಕಿಲ್ಲ."

ಎಲ್ಲರೊಡನೆ ಮುತ್ತಜ್ಜನೂ ನಗುತ್ತಿದ್ದರು. ನಕ್ಕು ಮುಗಿಸಿ ಮತ್ತೆ ಮೇಲೆ ನೋಡುತ್ತಿದ್ದರು.

ಹೇಳಿಬಿಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಹೇಳುವುದೆಂದರೆ ತೊಲೆ ಇಳಿಸುವುದು. ತೊಲೆ ಇಳಿಸುವುದೆಂದರೆ, ಮೂವತ್ತು ವರ್ಷ ಏಳು ತಾಲೂಕಿನಲ್ಲಿ ಕಲ್ಲಿನ ಕೂಡ ಮಾತಾಡಿದ ಮೋನಪ್ಪಾಚಾರ್ಯ ಒಂದು ದಿನವೂ ಮಾತಾಡಿರಲಿಲ್ಲ ಎಂದು ಸಾರುವುದು. ಒಂದು ಮನಸ್ಸು, ಈ ವರ್ಷ ಬೀಳಲಿಕ್ಕಿಲ್ಲ ಎನ್ನುವುದು. ಇನ್ನೊಂದು ಮನಸ್ಸು, ನೂರೊಂದು ಕುಂಭದ ಸಾಲಿನಲ್ಲಿ ಹೆಂಡತಿ ಕಾಳವ್ವ ಎಷ್ಟನೆಯವಳು ಎಂದು ಲೆಕ್ಕ ಹಾಕುವುದು.

ಕಳಸಾರೋಹಣಕ್ಕೆ ಒಂಬತ್ತು ದಿನ ಉಳಿದಾಗ, ಒಂದು ಮಧ್ಯಾಹ್ನ, ಮುತ್ತಜ್ಜ ಬೇವಿನ ಮರದ ಕೆಳಗೆ ಬಂದು ನಿಂತರು. ಸಂತರು, ಸತ್ಪುರುಷರು ಎಂದರೆ ಮೂಗು ಮುರಿಯುತ್ತಿದ್ದವರು ಅಂದು ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಅಜ್ಜಾರ, ಒಂದು ಮಾತು ಕೇಳೂದಿತ್ತು. ನಂದಲ್ಲರಿ. ನಮ್ಮ ಪೈಕಿ ಒಬ್ಬ ಶಿಲ್ಪಿ ಅದಾನ. ಭಾಳ ದೂರದಾಂವ. ಕೃಷ್ಣಾ ದಂಡಿಯಾಂವ."

"ಹೂಂ" ಎಂದರು ಅಜ್ಜನವರು.

"ಆತ ಒಂದು ತೊಲಿ ಏರಿಸ್ಯಾನ. ಪದರು ತಪ್ಪೇತೇನೋ ಅಂತ ಆತಗ ಸಂಶೆ. ನೀವು ಒಂದು ತಾಯತ ಕಟ್ಟಿ ಕೊಟ್ಟರ, ಇಲ್ಲಾ ಒಂದು ಚಿಟಿಕಿ ವಿಭೂತಿ ಮಂತ್ರಿಸಿ ಕೊಟ್ಟರ, ನಾ ಮುಟ್ಟಿಸ್ತಿದ್ದೆ."

"ತೊಲಿಗೆ ಕಟ್ಟತಾನೋ, ತನ್ನ ಕೊರಳಿಗೆ ಕಟಗೋತಾನೋ?"

ಮುತ್ತಜ್ಜ ರುಮಾಲನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದರು. ಅಜ್ಜನವರೇ ಮತ್ತೆ ಕೇಳಿದರು.

"ಆ ಶಿಲ್ಪಿ ಉಂಡಾನೇನು?"

"ಇಲ್ಲರಿ."

"ಎಷ್ಟು ದಿನ ಆತು?"

"ಮೂರು ದಿನ ಆತರಿ."

"ಕೃಷ್ಣಾ ದಂಡಿ ದೂರಪಾ. ಸುದ್ದಿ ಭಾಳ ಲಗೂ ಮುಟ್ಟೇತಿ ನಿನಗ."

ಮುತ್ತಜ್ಜನ ಕತ್ತು ತಾನಾಗಿ ಬಗ್ಗಿತು. ಅಜ್ಜನವರು ಸವಟು ತುಂಬಿ ಮುಂದೆ ಹಿಡಿದರು. ಬೊಗಸೆಯೊಡ್ಡಿದರೂ ಬೆರಳು ಕೂಡದೆ ನೀರೆಲ್ಲ ಸಂದಿಯಿಂದ ಸೋರಿಹೋಯಿತು. ಗಂಟಲಿಗೆ ಒಂದು ಹನಿಯೂ ಇಳಿಯಲಿಲ್ಲ.

"ನಾಳಿ ನಾ ಬರತೀನಿ" ಎಂದರು ಅಜ್ಜನವರು. ಅಷ್ಟೇ.

ಮುತ್ತಜ್ಜನ ಜೀವಕ್ಕೆ ಸ್ವಲ್ಪ ತಂಪಾಯಿತು. ಮಹಾತ್ಮರು ಬರುತ್ತಾರೆ, ತೊಲೆಗೆ ವಿಭೂತಿ ಎರಚುತ್ತಾರೆ, ಕಲ್ಲು ಬೆಸೆದುಕೊಳ್ಳುತ್ತದೆ. ಯಾರಿಗೂ ತಿಳಿಯದೆ ಕೆಲಸ ಆಗುತ್ತದೆ ಎಂದುಕೊಂಡರು. ಭಕ್ತ ಮಹಾಶಯರೇ, ಸಂತರ ಹತ್ತಿರ ನಾವೆಲ್ಲ ಹೋಗುವುದು ಹೀಗೆಯೇ ಅಲ್ಲವೇ, ಯಾರಿಗೂ ತಿಳಿಯದೆ ಕೆಲಸ ಆಗಲಿ ಎಂದು?

ಮರುದಿನ ಅಜ್ಜನವರು ಬಂದರು. ಕೈಯಲ್ಲಿ ವಿಭೂತಿ ಇರಲಿಲ್ಲ. ಹೆಗಲ ಮೇಲೆ ಕೊಡ ಇತ್ತು. ಮೂರು ಸಲ ಅಡ್ಡಾಡಿ ಮೂರೂ ಕೊಡ ತಂದರು. ಒಂದು ಬುಟ್ಟಿ ಮರಳು ತಂದು ಬಾಗಿಲ ನಡುವೆ, ಗಜಲಕ್ಷ್ಮಿಯ ನೇರ ಕೆಳಗೆ ಸುರಿದು, ಕೊಡ ಕೂರಿಸಿ, ಕಂಬಳಿ ಹಾಸಿ ಕುಳಿತರು. "ಇನ್ನ ಅರವಟ್ಟಿಗಿ ಇಲ್ಲೇ" ಎಂದರು.

ಊರಿಗೆ ಹಬ್ಬವಾಯಿತು. "ಕಳಸ ಏರೂದಕ್ಕಿಂತ ಮೊದಲ ಪುಣ್ಯ ಬಂದು ಕುಂತೈತಿ" ಎಂದು ಗೌಡರು ಕೈಮುಗಿದರು. ದರ್ಶನಕ್ಕೆ ಜನ ಬಂದರು, ತೀರ್ಥವೆಂದು ನೀರು ಕುಡಿಯಲು ಬಂದರು, ಬಂದವರು ಅಲ್ಲಿಯೇ ಕುಳಿತರು. ಯಾವ ನೆಲದ ಮೇಲೆ ಒಬ್ಬರೂ ನಿಲ್ಲದಂತೆ ಮುತ್ತಜ್ಜ ಕಾವಲು ಕಾದಿದ್ದರೋ ಆ ನೆಲದ ಮೇಲೆ ಈಗ ಒಂದೊಂದು ಹೊತ್ತಿಗೆ ಮೂವತ್ತು ನಲವತ್ತು ಮಂದಿ.

"ಇಲ್ಲಿ ಕೆಂಜಿಗ ಅದಾವು, ಆಕಡೆ ಕುಂದರ್ರಿ" ಎಂದು ಅವರು ಎಬ್ಬಿಸುವರು.

"ಎಲ್ಲಿ ಕೆಂಜಿಗರಿ ಆಚಾರ್ರ? ನಾ ಮುಂಜಾನಿಂದ ಕುಂತೀನಿ" ಎಂದು ಒಬ್ಬ ನಗುವನು.

"ಮ್ಯಾಲಿನ ಗಾರಿ ಇನ್ನೂ ಹಸಿ ಐತಿ."

"ಹಸಿ ಇದ್ದರ ಅಜ್ಜಾರ ಮ್ಯಾಲೆ ಮೊದಲ ಬೀಳತೈತಿ. ಅವರು ಸುಮ್ಮನ ಕುಂತಿಲ್ಲೇನು?"

ಎರಡನೆಯ ದಿನ ಸಂಜೆ ಮುಗಿಲು ಕಪ್ಪಾಗಿ, ನಾಲ್ಕು ಹನಿ ಉದುರಿ ಸುಮ್ಮನಾಯಿತು. ಆ ನಾಲ್ಕು ಹನಿಗೆ ಮುತ್ತಜ್ಜನ ಮೈಯೆಲ್ಲ ಬೆವೆತು ಹೋಯಿತು. ಜನ ಚದುರಿದ ಮೇಲೆ ಅಜ್ಜನವರ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

"ಅಜ್ಜಾರ, ಬೇವಿನ ಗಿಡದ ಕೆಳಗ ನೆರಳು ಚಲೋ ಇತ್ತಲ್ಲರಿ."

"ಇಲ್ಲೂ ನೆರಳು ಐತಿ. ನೀ ಮಾಡಿದ್ದ."

"ಏಳ್ರಿ ಅಜ್ಜಾರ. ನಿಮ್ಮ ಕಾಲು ಬೀಳತೀನಿ."

ಅಜ್ಜನವರು ಅವರ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆ ಮಾಡುವ ಗತ್ತೂ ಇರಲಿಲ್ಲ. ಬಾಯಾರಿ ಬಂದ ಎತ್ತನ್ನು ನೋಡುವಾಗಲೂ ಅವರು ಹಾಗೆಯೇ ನೋಡುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

"ಎದಕ್ಕ ಏಳಬೇಕಪಾ? ಹೇಳು, ಏಳತೀನಿ."

ಮುತ್ತಜ್ಜ ಒಮ್ಮೆ ತೊಲೆಯ ಕಡೆ ನೋಡಿದರು. ಎದ್ದು ಹೋದರು.

ಮೂರನೆಯ ದಿನ ಮಧ್ಯಾಹ್ನ ಕಾಳವ್ವ ಅಜ್ಜನವರಿಗೆ ಬುತ್ತಿ ತಂದಳು. ತೊಲೆಯ ಕೆಳಗೆ ಕುಳಿತು ಗಂಟು ಬಿಚ್ಚುತ್ತಿರುವಾಗ ಮುತ್ತಜ್ಜ ಓಡಿ ಬಂದರು.

"ಏ, ಅಲ್ಲಿಂದ ಏಳು. ಹೊರಗ ಇಟ್ಟು ಬಡಸು."

"ಯಾಕ? ನಿಮ್ಮ ತೊಲಿ ನನ್ನ ಮ್ಯಾಲೆ ಬೀಳತೈತೇನು?" ಎಂದು ಕಾಳವ್ವ ನಗೆಯಾಡಿದಳು.

ಮುತ್ತಜ್ಜ ನಗಲಿಲ್ಲ. ಅವರ ಮುಖದ ರಕ್ತ ಇಳಿದು ಹೋದದ್ದನ್ನು ಕಾಳವ್ವ ಕಂಡಳು. ಮೆಲ್ಲಗೆ ಕತ್ತೆತ್ತಿ ತೊಲೆ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು. ಶಿಲ್ಪಿಯ ಮನೆಯ ಹೆಣ್ಣು; ಹುಟ್ಟಿದ್ದೂ ಸೇರಿದ್ದೂ ಕಲ್ಲಿನ ನಡುವೆ. ಹೆಚ್ಚು ಹೇಳಬೇಕಾಗಿರಲಿಲ್ಲ. ಮೂರು ವಾರದಿಂದ ಗಂಡ ಯಾಕೆ ಸರಿಯಾಗಿ ಉಣ್ಣುತ್ತಿಲ್ಲ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ರೊಟ್ಟಿಯ ಗಂಟನ್ನು ಅಜ್ಜನವರ ಮುಂದಿಟ್ಟು, ಅವರ ಪಕ್ಕದಲ್ಲಿ ಕಂಬಕ್ಕೆ ಒರಗಿ ಕುಳಿತಳು.

"ಅಜ್ಜಾರು ಎದ್ದಾಗ ನಾನೂ ಏಳತೀನಿ" ಎಂದಳು.

ಅದೇ ಹೊತ್ತಿಗೆ ಮಳೆ ಬಂತು. ನಾಲ್ಕು ಹನಿಯ ಮಳೆಯಲ್ಲ. ಹೊಳೆಯ ಆಚೆಯಿಂದ ಗೋಡೆಯಂತೆ ನಡೆದು ಬಂದ ಮಳೆ. ಗುಡಿಯ ಅಂಗಳದಲ್ಲಿ ಕೆಲಸದಲ್ಲಿದ್ದವರೆಲ್ಲ ಎಲ್ಲಿಗೆ ಓಡಬೇಕು? ಮಂಟಪದ ಬಾಗಿಲಿಗೆ ಓಡಿದರು. ಸುಣ್ಣ ಅರೆಯುವವರು, ಗಾರೆಯವರು, ಯಲ್ಲಪ್ಪ ಮತ್ತು ಅವನ ಕಡೆಯವರು, ಪಂಚೆ ಎತ್ತಿ ಹಿಡಿದ ಹನುಮಗೌಡರು. ಎಲ್ಲರೂ ತೊಲೆಯ ಕೆಳಗೆ, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತರು. ಮುತ್ತಜ್ಜ ಒಬ್ಬರೇ ಹೊರಗೆ, ಮಳೆಯಲ್ಲಿ.

"ಆಚಾರ್ರ, ಒಳಗ ಬರ್ರಿ, ತೋಯ್ತೀರಿ" ಎಂದು ಗೌಡರು ಕೂಗಿದರು.

ಮುತ್ತಜ್ಜ ಮೇಲೆ ನೋಡಿದರು. ಗಜಲಕ್ಷ್ಮಿಯ ಕಿರೀಟದಿಂದ ನೀರು ಇಳಿಯುತ್ತಿತ್ತು. ತೊಲೆಯ ಹೊಟ್ಟೆಯ ಕಪ್ಪು ಗೆರೆಯ ನಡುವೆ ಒಂದು ಹನಿ ಮೂಡಿ, ದುಂಡಗಾಗಿ, ಕಳಚಿ, ಕಾಳವ್ವನ ಸೆರಗಿನ ಮೇಲೆ ಬಿತ್ತು. ಅವಳು ಅದನ್ನು ಒರೆಸಲಿಲ್ಲ.

"ಅಜ್ಜಾರ, ಏಳ್ರಿ." ಮುತ್ತಜ್ಜನ ದನಿ ಮಳೆಯ ಮೇಲೆ ಹರಿದು ಬಂತು. "ತೊಲಿ ತಪ್ಪೈತಿ. ಪದರು ನಿಂತಾವು. ಕಣಿಯಾಗ ಆಕಾಶದ ಮಗ್ಗಲು ಯಾವುದು ಅಂತ ನನಗ ಗೊತ್ತಿರಲಿಲ್ಲ. ಗೊತ್ತೈತಿ ಅಂತ ಸುಳ್ಳು ಹೇಳಿದೆ. ಎಲ್ಲಾರೂ ಹೊರಗ ಬರ್ರಿ, ಕೈ ಮುಗೀತೀನಿ."

ಅಜ್ಜನವರು ಆ ಕ್ಷಣವೇ ಎದ್ದರು.

"ಹೇಳಿದೆಲ್ಲಪಾ. ಎದ್ದೆ" ಎಂದು ಒಂದು ಕೊಡ ಹೆಗಲಿಗೇರಿಸಿ, ಮಳೆಗೆ ನಡೆದು ಬಂದು ಮುತ್ತಜ್ಜನ ಪಕ್ಕ ನಿಂತರು. ಅವರ ಹಿಂದೆ ಕಾಳವ್ವ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಬಾಗಿಲು ಖಾಲಿಯಾಯಿತು. ಎಲ್ಲರೂ ತೋಯುತ್ತ ನಿಂತರು. ತೊಲೆ ಬಿತ್ತೆಂದು ನೀವು ಕಾಯುತ್ತಿದ್ದರೆ, ಇಲ್ಲ, ಬೀಳಲಿಲ್ಲ. ಬೇರೆ ಕಥೆಯಾಗಿದ್ದರೆ ನಾನೇ ಬೀಳಿಸುತ್ತಿದ್ದೆ. ಇದರಲ್ಲಿ ಅದು ಸುಮ್ಮನೆ ನಿಂತೇ ಇತ್ತು.

ಮೊದಲು ಬಾಯಿ ಬಿಟ್ಟವನು ಕಲ್ಲುಕುಟಿಗ ಯಲ್ಲಪ್ಪ.

"ಆಚಾರ್ರ, ಆಕಾಶದ ಮಗ್ಗಲು ನನಗ ಗೊತ್ತಿತ್ತರಿ."

ಮುತ್ತಜ್ಜ ತಿರುಗಿ ನೋಡಿದರು.

"ನೀವು ಕೇಳಲಿಲ್ಲ. ಕಲ್ಲು ನನ್ನ ಕೂಡ ಮಾತಾಡತೈತಿ ಅಂದ್ರಿ. ನಡುವ ನಾ ಯಾಕ ಬಾಯಿ ಹಾಕಲಿ ಅಂತ ಸುಮ್ಮನಾದೆ. ನಿಮಗ ನನಗಿಂತ ಹೆಚ್ಚು ಗೊತ್ತಿರಬೇಕು ಅಂದಕೊಂಡೆ." ಮುಖದ ನೀರು ಒರೆಸಿಕೊಂಡು ಸೇರಿಸಿದ. "ನನಗೂ ನಿದ್ದಿ ಇಲ್ಲರಿ."

ಗೌಡರಿಗೆ ಸಿಟ್ಟು ಏರಿತು. ಎಂಟು ತಿಂಗಳ ಕೆಲಸ, ಹತ್ತು ಊರಿಗೆ ಹೋದ ಕರೆ, ಆರು ದಿನದಲ್ಲಿ ಕಳಸ. ಅವರು ಬಾಯಿ ತೆರೆಯುವಷ್ಟರಲ್ಲಿ ಅಜ್ಜನವರು ಸವಟು ತುಂಬಿ ಅವರ ಮುಂದೆ ಹಿಡಿದರು.

"ಕುಡೀರಿ ಗೌಡ್ರ. ದೇವರು ಕಾಯತಾನ. ಅವಗೇನು ಅವಸರ ಇಲ್ಲ."

ಧೋ ಎಂದು ಸುರಿಯುವ ಮಳೆಯಲ್ಲಿ ನಿಂತು ಸವಟಿನಿಂದ ನೀರು ಕುಡಿಯುವುದು ಎಂಥ ವಿಚಿತ್ರ. ಗೌಡರು ಕುಡಿದರು. ಕುಡಿದ ಮೇಲೆ ಬೈಯಬೇಕೆಂದಿದ್ದ ಮಾತು ಅವರಿಗೆ ಸಿಗಲಿಲ್ಲವಂತೆ. ಆಮೇಲೆ ಅಜ್ಜನವರು ಮುತ್ತಜ್ಜನಿಗೆ ಎರೆದರು. ಈ ಸಲ ಗಂಟಲಿಗೆ ಇಳಿಯಿತು. ಮೂರು ಸವಟು ಕುಡಿದು, ನಾಲ್ಕನೆಯದಕ್ಕೂ ಬೊಗಸೆಯೊಡ್ಡಿದರು.

ಅಂದೇ ತೊಲೆಗೆ ಮರದ ಆಸರೆ ಕೊಟ್ಟರು. ಮತ್ತೆ ಮಣ್ಣಿನ ಏರಿ ಹಾಕಿ, ನಾಲ್ಕು ದಿನದಲ್ಲಿ ಇಳಿಸಿ ಅಂಗಳದಲ್ಲಿ ಮಲಗಿಸಿದರು. ಯಲ್ಲಪ್ಪ ಕಪ್ಪು ಗೆರೆಗೆ ಒಂದು ಬೆಣೆ ಇಟ್ಟ. ಮುತ್ತಜ್ಜ ಸುತ್ತಿಗೆಯಿಂದ ಒಂದು ಸಲ, ತೆಂಗಿನಕಾಯಿಗೆ ಹೊಡೆಯುವಷ್ಟು ಮೆಲ್ಲಗೆ ತಟ್ಟಿದರು. ಒಂಬತ್ತು ಮೊಳದ ಕಲ್ಲು ಉದ್ದಕ್ಕೆ ಎರಡಾಗಿ ಬಿಚ್ಚಿಕೊಂಡಿತು. ಗಜಲಕ್ಷ್ಮಿ, ಹಂಸ, ಬೆರಳಿನ ಉಗುರು ಎಲ್ಲವೂ ಒಂದು ಮುಖವಾಡದ ಹಾಗೆ ಕಳಚಿ ಪಕ್ಕಕ್ಕೆ ಬಂದವು. ಒಳಗೆ ತುದಿಯಿಂದ ತುದಿಗೆ ಕಪ್ಪು ತೇವ. ಅಲ್ಲಿದ್ದ ಅಷ್ಟೂ ಮಂದಿ ಆ ತೇವ ನೋಡಿದರು, ಆಮೇಲೆ ತಮ್ಮ ತಮ್ಮ ಹೆಂಡಿರು ಮಕ್ಕಳ ಕಡೆಗೆ ನೋಡಿದರು. ಹನುಮಗೌಡರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು, ಆಚಾರ್ಯರ ಕೈ ಹಿಡಿದು, ಇನ್ನೊಂದು ತೊಲೆ ಕೆತ್ತಲು ಎಷ್ಟು ದಿನ ಬೇಕು ಎಂದಷ್ಟೇ ಕೇಳಿದರು.

ಕಡಗ ಮತ್ತು ಶಾಲನ್ನು ಮುತ್ತಜ್ಜ ತಾವೇ ದೇಸಾಯರ ವಾಡೆಗೆ ಒಯ್ದು ಮರಳಿ ಇಟ್ಟರು. ಅಲ್ಲಿಂದ ನೇರ ಕಣಿಗೆ ಹೋದರು. ಹೊಸ ಕಲ್ಲು ಇನ್ನೂ ನೆಲದಲ್ಲೇ ಇತ್ತು. ಆಕಾಶದ ಮಗ್ಗಲು ಯಾವುದೆಂದು ಕುರುಡನಿಗೂ ಕಾಣುತ್ತಿತ್ತು. ಆದರೂ ಮುತ್ತಜ್ಜ ಎಲ್ಲರೆದುರಿಗೆ ಕೇಳಿದರು.

"ಯಲ್ಲಪ್ಪಾ, ಯಾವ ಮಗ್ಗಲು ಮ್ಯಾಲೈತಪಾ? ನನಗ ಗೊತ್ತಿಲ್ಲ."

ಮೂವತ್ತು ವರ್ಷದ ಕಸುಬಿನಲ್ಲಿ ಅವರು ಆ ಮಾತು ಆಡಿದ್ದು ಅದೇ ಮೊದಲು. ಆಮೇಲೆ ಕಸುಬು ನಡೆದ ಇನ್ನೂ ಇಪ್ಪತ್ತೆರಡು ವರ್ಷ, ಪ್ರತಿ ಕಣಿಯಲ್ಲಿ, ಪ್ರತಿ ಕಲ್ಲಿಗೆ ಮೊದಲು ಆಡಿದ್ದೂ ಅದೇ ಮಾತು. ಗುರುತು ಹಾಕುವ ಹಕ್ಕನ್ನೂ ಅವರು ಇಟ್ಟುಕೊಳ್ಳಲಿಲ್ಲ. ಯಲ್ಲಪ್ಪನ ಕೈಗೆ ಹಾರೆ ಕೊಟ್ಟು, "ನೀನ ಹಾಕು. ಒರಸಿದರ ಹೋಗಬಾರದು" ಎಂದರು. ಯಲ್ಲಪ್ಪ ಕಲ್ಲಿನ ಬಲತುದಿಯ ಮೇಲಂಚಿಗೆ ಹಾರೆಯ ಮೂರು ಏಟು ಹಾಕಿದ.

ಮರುವರ್ಷ ಶ್ರಾವಣದಲ್ಲಿ ಕಳಸ ಏರಿತು. ಅಂದು ಬೆಳಿಗ್ಗೆ, ಕುಂಭದ ಸಾಲು ಬರುವ ಮುಂಚೆ, ಮುತ್ತಜ್ಜ ಹೊಸ ತೊಲೆಯ ಕೆಳಗೆ ಒಬ್ಬರೇ ಹೋಗಿ ಕುಳಿತರು. ಅಜ್ಜನವರು ಸವಟು ತುಂಬಿ ಕೊಟ್ಟರು. ಒಂದು ಸವಟು ನೀರು ಮುಗಿಯುವ ತನಕ ಅವರು ಅಲ್ಲಿ ಕುಳಿತಿದ್ದು, ಎದ್ದು ಬಂದು, ಆಮೇಲೆ ಜನರಿಗೆ ದಾರಿ ಬಿಟ್ಟರು. ನಮ್ಮ ಮನೆಯವರು ಏನೇ ಕಟ್ಟಲಿ, ಇಂದಿಗೂ ಮೊದಲು ಕೆಳಗೆ ಕುಳಿತು ನೀರು ಕುಡಿಯುವವರು ನಾವೇ.

ಬಿಚ್ಚಿಕೊಂಡ ಹಳೆಯ ಕಲ್ಲಿನಲ್ಲಿ ಗಜಲಕ್ಷ್ಮಿಯ ಹೋಳನ್ನು ಗುಡಿಯ ಗೋಡೆಗೆ ಸೇರಿಸಿದರು. ಬರಿಯ ಹೋಳನ್ನು ಬಂಡಿಯಲ್ಲಿ ಹೇರಿ ಬೇವಿನ ಮರದ ಕೆಳಗೆ ತಂದು, ನೆಲದಲ್ಲಿ ಮಲಗಿದ್ದ ಹಾಗೆಯೇ ಮಲಗಿಸಿ, ಅದರ ಮೇಲೆ ಅಜ್ಜನವರ ಮೂರು ಕೊಡ ಕೂರಲು ಮೂರು ಗುಳಿ ಕಡಿದು ಕೊಟ್ಟರು ಮುತ್ತಜ್ಜ. ಅಜ್ಜನವರು ಲಿಂಗೈಕ್ಯರಾದ ಮೇಲೂ ಅಲ್ಲಿ ನೀರು ನಿಂತಿಲ್ಲ. ಎಷ್ಟೋ ಮಳೆಗಾಲ ಆ ಕಲ್ಲಿನ ಮೇಲೆ ಹಾದುಹೋಗಿವೆ. ಒಂದು ಚಕ್ಕೆ ಎದ್ದಿಲ್ಲ.

ಅಕ್ಕನ ಮಕ್ಕಳನ್ನು ಕಟ್ಟಿಕೊಂಡು ನಾನು ಆಗಾಗ ಕೆಂಗಲಹಾಳಕ್ಕೆ ಹೋಗುತ್ತೇನೆ. ತೊಲೆ ನೋಡಲು ಬಂದವರು ಗಜಲಕ್ಷ್ಮಿ ನೋಡುತ್ತಾರೆ, ಹಂಸ ನೋಡುತ್ತಾರೆ, ಬಲತುದಿಗೆ ಬಂದಾಗ ಅವರ ಹುಬ್ಬು ಗಂಟಾಗುತ್ತದೆ. ಅಲ್ಲಿ ಅಂಗೈಯಗಲದ ಕಲ್ಲು ಉಳಿ ಮುಟ್ಟದೆ, ಒರಟಾಗಿ, ಹಾರೆಯ ಮೂರು ಏಟು ಹೊತ್ತುಕೊಂಡು ಹಾಗೆಯೇ ಇದೆ. ಇಷ್ಟು ಚೆಂದ ಕೆತ್ತಿದವರು ಈ ಮೂಲೆ ಯಾಕೆ ಬಿಟ್ಟರು ಎಂದು ಕೇಳುತ್ತಾರೆ.

ಆಗ ನಾನು ಮೀಸೆ ಒರೆಸಿಕೊಂಡು ಮುಂದೆ ಬರುತ್ತೇನೆ. ಆನೆಯ ಕಥೆ ಹೇಳುವುದಿಲ್ಲ, ಗಿಡುಗದ ಕಥೆ ಹೇಳುವುದಿಲ್ಲ. ನಮ್ಮ ಮುತ್ತಜ್ಜನ ಕೆಲಸದಲ್ಲೆಲ್ಲ ದೊಡ್ಡದು ಅದೇ ಮೂಲೆ ಎನ್ನುತ್ತೇನೆ. ಅದನ್ನು ಅವರು ಕೆತ್ತಲಿಲ್ಲ.